ಬಾಟಲಿಯೊಳಗೆ ಭಂಡಾರ

"ಬಾಟಲಿ ಮುಚ್ಚಳಾ ತಗೀ ಅಂತ ನಿನಗ ಯಾರು ಹೇಳಿದ್ರು?" ನಾನು ಕೂಗಿದ್ದಕ್ಕೆ ವಾರ್ಡಿನವರೆಲ್ಲ ತಿರುಗಿ ನೋಡಿದರು.

"ದೇವರಗುಡ್ಡದ ಮಾಲತೇಶನ ಭಂಡಾರ, ಪೂಜಿ ಮಾಡಿದ ಅರಿಷಿಣ ಪುಡಿ, ಒಂದ್ ಚಿಟಿಕಿ ಹಾಕೇನಿ. ವಿಷಾ ಹಾಕಿಲ್ಲ," ಎಂದಳು ನನ್ನ ಅಕ್ಕ ಮೈಲವ್ವ.

"ಪರೀಕ್ಷಾ ಮಾಡೂದು ನನ್ನ ಎಲುಬು. ಮಾಲತೇಶಂದಲ್ಲ!"

ಪಕ್ಕದ ಹಾಸಿಗೆಯ ನಾಗಪ್ಪ ಕಿಸಕ್ಕನೆ ನಕ್ಕ. ನನಗೆ ಇನ್ನಷ್ಟು ಸಿಟ್ಟು ಬಂತು.

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲಗಳು ಕಾಲ ಮೇಲೆ ಉರುಳಿ ಮೂರು ವರ್ಷವಾಗಿತ್ತು. ಮುರಿದ ಎಲುಬು ಕೂಡಿತು, ಕೀವು ನಿಲ್ಲಲಿಲ್ಲ. ಗುಳಿಗೆ ಬದಲಿಸಿದ್ದೇ ಬಂತು. ರಾಣೆಬೆನ್ನೂರಿನ ಈ ಡಾಕ್ಟರು ಮಾತ್ರ, "ಎಲುಬಿನಾಗ ಯಾವ ಕ್ರಿಮಿ ಕುಂತೈತಿ ಅಂತ ಮೊದ್ಲ ಗೊತ್ತಾಗ್ಲಿ. ಅದಕ್ಕ ತಕ್ಕ ಔಷಧ ಕೊಡೂಣು. ಇಲ್ಲಾಂದ್ರ ಕಾಲು ತಗೀಬೇಕಾಕ್ಕೈತಿ," ಎಂದರು. ಗುಳಿಗೆ ತಿನ್ನುತ್ತಿದ್ದರೆ ಕ್ರಿಮಿ ಪರೀಕ್ಷೆಗೆ ಸಿಗುವುದಿಲ್ಲವೆಂದು ಎರಡು ವಾರ ನಿಲ್ಲಿಸಿದರು. ಜ್ವರದಲ್ಲಿ ನರಳಿದೆ. ಆಮೇಲೆ ಎಲುಬಿನ ಚೂರು ತೆಗೆದು, ಹಾವೇರಿಯ ಲ್ಯಾಬಿಗೆ ಮುಟ್ಟಿಸಲು ಅಕ್ಕನ ಕೈಗೆ ಬಾಟಲಿ ಕೊಟ್ಟರು. ಇವಳು ಬಸ್ಸಿನಲ್ಲೇ ತೆರೆದಳು. ಹಳದಿ ಪುಡಿ ಕಂಡ ಲ್ಯಾಬಿನವರು, ಹೊರಗಿನ ಕ್ರಿಮಿಯೂ ಸೇರಿದೆ, ನಡೆಯುವುದಿಲ್ಲ ಎಂದು ವಾಪಸು ಕಳಿಸಿದರು. ಇನ್ನೊಮ್ಮೆ ಎಲುಬು ಕೊರೆಯಬೇಕು.

"ಪರ ಊರಿಗೆ ಹೊಂಟಿದ್ದು ನಿನ್ನ ಮೈಯಾಗಿನ ಎಲುಬೋ ತಮ್ಮಾ. ದೇವ್ರ ಹೆಸರಿಲ್ದ ಹೆಂಗ ಕಳಸ್ಲಿ?"

"ನಿನ್ನ ಗಂಡಗೂ ಭಂಡಾರಾನ ಹಚ್ಚಿದ್ದಿ. ಉಳದಾನೇನು?"

ಅಂದುಬಿಟ್ಟೆ.

ಅಕ್ಕ ಹೊಸ ಪಟ್ಟಿ ಕೈಗೆ ತಗೊಂಡಳು. ನನಗೆ ಹೆಂಡತಿ ಮಕ್ಕಳಿಲ್ಲ. ಕಾಲಿನ ವಾಸನೆಗೆ ಗೆಳೆಯರೂ ಬರುವುದು ಬಿಟ್ಟಿದ್ದರು. ಮೂರು ವರ್ಷ ದಿನಾ ಪಟ್ಟಿ ಬದಲಿಸಿದವಳು ಇವಳೊಬ್ಬಳೇ. ಆಗಲೂ ಪಟ್ಟಿ ಬಿಚ್ಚಿ, ಕೀವು ಒರೆಸಿ, ಹೊಸದು ಸುತ್ತಿದಳು.

"ಬಿಗಿ ಆತೇನ?"

ನಾನು ಗೋಡೆಯ ಕಡೆ ಹೊರಳಿದೆ. ಅವಳು ಕೈ ತೊಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಚಪ್ಪಲಿಯ ಸದ್ದು. ಚಾ ತರಲು ಹೋದಳೆಂದುಕೊಂಡೆ. ಚಾ ಬರಲಿಲ್ಲ.

ಎರಡನೆಯ ಚೂರನ್ನು ವಾರ್ಡಿನ ಸಿಮ್ರಾನ ಸಿಸ್ಟರ್ ಸೀಲು ಮಾಡಿ ಕಳಿಸಿದರು. ಕ್ರಿಮಿ ಸಿಕ್ಕಿತು. ಅದಕ್ಕೆ ನಾಟುವ ಔಷಧವೂ ಗೊತ್ತಾಯಿತು. ಆರು ವಾರ ಇಂಜೆಕ್ಷನ್. ಕೀವು ಕಡಿಮೆಯಾಗುತ್ತಿದೆ, ಕಾಲು ತೆಗೆಯುವ ಮಾತು ಹೋಗಿದೆ.

ಅಕ್ಕನ ಊರು ಐರಣಿಗೆ ಫೋನ್ ಮಾಡಿ, "ಅಕ್ಕಾ, ಕ್ರಿಮಿ ಸಿಕ್ತು," ಎಂದೆ.

"ಚಲೋ ಆತು," ಎಂದು ಇಟ್ಟಳು.

ಪಟ್ಟಿ ಈಗ ನಾನೇ ಕಟ್ಟಿಕೊಳ್ಳುತ್ತೇನೆ. ಮಧ್ಯಾಹ್ನದೊಳಗೆ ಸಡಿಲಾಗುತ್ತದೆ. ಅಂದು ವಾರ್ಡಿನಿಂದ ಹೋದವಳು ಇನ್ನೂ ಬಂದಿಲ್ಲ.