ಮೊದಲು ಪೆಟ್ಟಿಗೆ, ಆಮೇಲೆ ಮಾತು

ಚರ್ಚಿನಿಂದ ಬಂದ ಎಫಿ ರೆನಿಗೆ ಹಿತ್ತಲಿನ ಜೇನುಪೆಟ್ಟಿಗೆ ಕಾಣಲಿಲ್ಲ. ಅದು ಕೂತಿದ್ದ ಚಪ್ಪಡಿಯ ಮೇಲೆ, ಮೇವಿಗೆ ಹೋಗಿದ್ದ ಹುಳುಗಳು ಬಾಗಿಲು ಹುಡುಕುತ್ತ ಸುತ್ತುತ್ತಿದ್ದವು. ಫೈಫ್ ಸೀಮೆಯಲ್ಲಿ ಬೇಸಿಗೆಯ ರಾತ್ರಿಯೂ ಚಳಿಯೇ. ಕತ್ತಲಾಗುವಷ್ಟರಲ್ಲಿ ಪೆಟ್ಟಿಗೆ ಬರದಿದ್ದರೆ ಇವು ಉಳಿಯುವುದಿಲ್ಲ. ಜೇನೇ ಹೋದ ಮೇಲೆ ಪೆಟ್ಟಿಗೆ ಬಂದು ಏನು ಫಲ?

ಹೋಗಿ ಕೇಳಿದಾಗ ಎರಡು ಹೊಲದಾಚೆಯ ಡೂಗಲ್ ಪಿರೀ ಮುಚ್ಚಿಡಲಿಲ್ಲ. "ನಮ್ಮಪ್ಪನ ಪೆಟ್ಟಿಗೆ. ತಗೊಂಡೆ. ನಮ್ದನ್ನ ನಾವು ತಗೊಂಡ್ರೆ ಕಳ್ಳತನವಾ?"

"ಹಾಡಹಗಲಲ್ಲಿ ಜೇನು ಎತ್ತುತ್ತಾರೇನೋ? ಅರ್ಧ ಸಂಸಾರ ನನ್ನ ಹಿತ್ತಲಲ್ಲೇ ಇದೆ."

ಡೂಗಲ್ ಜೇನು ಸಾಕಿದವನ ಮಗನೇ ಹೊರತು ಜೇನು ಸಾಕಿದವನಲ್ಲ. ಆದರೆ ಅವನಪ್ಪ ಪೆಟ್ಟಿಗೆಯನ್ನು ಎಫಿಯ ಗಂಡನಿಗೆ ಕೊಟ್ಟಿದ್ದು ದಾನವೋ ಕಡವೋ, ಅವಳಿಗೂ ತಿಳಿಯದು. ತಿಳಿದವರಿಬ್ಬರೂ ಚರ್ಚಿನ ಹಿಂದೆ ಮಣ್ಣಲ್ಲಿ ಮಲಗಿದ್ದಾರೆ.

ನಿವೃತ್ತ ವಕೀಲ ರಾನಲ್ಡ್ ಓಗಿಲ್ವಿ ಅವಳಿಗೆ ತನ್ನ ತೋಟದಲ್ಲಿ ಸಿಕ್ಕ. ಕತೆ ಕೇಳಿ, ಕೋರ್ಟಿನಲ್ಲಿ ನಿಂತವನಂತೆ ಮೂರು ಸಲ ಕೆಮ್ಮಿದ.

"ಪೆಟ್ಟಿಗೆ ನಿಂದೇನಮ್ಮಾ?"

"ಗೊತ್ತಿಲ್ಲ."

"ಪರವಾಗಿಲ್ಲ. ನಿನ್ನ ಹತ್ರ ಇತ್ತಾ? ಕೇಳ್ದೆ ಒಯ್ದನಾ? ಹಾಗೆ ಒಯ್ದಿದ್ದಕ್ಕೇ ಸ್ಪೂಲಿ ಅಂತ ನಮ್ಮ ಹಳೇ ಕಾಯ್ದೆ ಇದೆ. ಅದು ಕೇಳೋದು ಈ ಎರಡೇ."

"ಯಾರದ್ದು ಅಂತ ಕೇಳೋದೇ ಇಲ್ವಾ?"

"ಆಮೇಲೆ ಕೇಳುತ್ತೆ. ಮೊದಲು ಪೆಟ್ಟಿಗೆನ ಇದ್ದಲ್ಲಿ ಇಡ್ಬೇಕು. ಇಡದಿದ್ರೆ ಬರಬಹುದಾಗಿದ್ದ ಲಾಭವನ್ನೂ ತುಂಬ್ಕೊಡ್ಬೇಕು."

ಎಫಿಗೆ ಇದು ವಿಚಿತ್ರವೆನಿಸಿತು. ದಾರಿಯುದ್ದಕ್ಕೂ ಯೋಚಿಸಿದಳು. ಹಿತ್ತಲಿನ ಹುಳುಗಳೂ ಒಡೆಯನನ್ನು ಕೇಳುತ್ತಿಲ್ಲವಲ್ಲ. ಇದ್ದ ಜಾಗವನ್ನಷ್ಟೇ ಹುಡುಕುತ್ತಿವೆ.

ಡೂಗಲ್‌ನ ಬೇಲಿಗೆ ಬಂದು ಓಗಿಲ್ವಿಯಂತೆಯೇ ಕೆಮ್ಮಿ, ದನಿ ದಪ್ಪ ಮಾಡಿದಳು. "ವಾಪಸ್ ಇಡಪ್ಪಾ. ಇಟ್ಟ ಮೇಲೆ ನಿಂದು ಅಂತ ಕೋರ್ಟಿಗೆ ಹೋಗು. ಇಡದೇ ಹೋದ್ರೆ ಅದು ನಿನ್ನಲ್ಲಿದ್ದಷ್ಟು ದಿನ ಎಷ್ಟು ಜೇನು ಕಟ್ಟಬಹುದಿತ್ತೋ ಅಷ್ಟಕ್ಕೂ ಲೆಕ್ಕ ಕೊಡ್ಬೇಕಾಗುತ್ತೆ."

"ಕಟ್ಟಿರೋದಲ್ಲ, ಕಟ್ಟಬಹುದಾಗಿದ್ದಾ?"

"ಹೌದಪ್ಪಾ. ಬೆಟ್ಟದ ಹೆದರ್ ಹೂವೆಲ್ಲ ಸೇರಿಸಿ."

ಡೂಗಲ್ ಬೆಟ್ಟ ನೋಡಿದ. ಹೆದರ್ ಪೊದೆಗಳು ಹೂ ಬಿಟ್ಟು ಬೆಟ್ಟ ನೇರಳೆಯಾಗಿತ್ತು.

ಹೊತ್ತು ಮುಳುಗುವ ಮುನ್ನ ಬಾಯಿಗೆ ಹುಲ್ಲು ತುರುಕಿದ ಪೆಟ್ಟಿಗೆ ಡೂಗಲ್‌ನ ಕೈಯಲ್ಲಿ ಚಪ್ಪಡಿಗೆ ಬಂತು. ಎಫಿ ಹುಲ್ಲು ಕಿತ್ತಳು. ಚಪ್ಪಡಿಯ ಮೇಲಿದ್ದವು ಒಂದರ ಹಿಂದೊಂದು ಒಳಗೆ ನಡೆದವು. ಕೊನೆಯದು ಒಳಹೋಗುವವರೆಗೆ ಇಬ್ಬರೂ ಬಗ್ಗಿ ನೋಡಿದರು.

"ಈಗ ಹೇಳ್ಬಹುದಾ, ಅದು ನಮ್ಮಪ್ಪಂದು ಅಂತ?"

"ಒಳಗೆ ಬಂದು ಹೇಳು," ಎಂದಳು ಎಫಿ, ಚಹಾಕ್ಕೆ ನೀರಿಡಲು ಹೊರಟು. "ನಿಮ್ಮಪ್ಪ ಏನಂದಿದ್ರು? ನಂಗೂ ತಿಳೀಬೇಕಾಗಿದೆ."