ಹೊಸ ಫೋನಿನ ಐಬುಗಳು

ನಮ್ಮ ತೇರದಾಳದಲ್ಲಿ ಯಾರಾದರೂ ಹೊಸ ಎತ್ತು ತಂದರೆ ಓಣಿಯೆಲ್ಲ ಬಂದು ನೋಡುತ್ತದೆ. ಹಲ್ಲು ಎಣಿಸುತ್ತಾರೆ, ಸುಳಿ ಹುಡುಕುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಒಂದಾದರೂ ಐಬು ತೆಗೆಯದೆ ಚಹಾ ಕುಡಿದು ಎದ್ದವನು ನೋಡಲು ಬಂದವನೇ ಅಲ್ಲ. ನಾನು ಜಮಖಂಡಿಯಿಂದ ಆ ವಾರವಷ್ಟೇ ಬಿಡುಗಡೆಯಾದ ದೊಡ್ಡ ಫೋನು ತಂದ ಸಂಜೆಯೂ ಅದೇ ಮಂದಿ ಅದೇ ಮುಖ ಹೊತ್ತು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತರು. ನನಗೆ ಆಗಲೇ ಮೈ ಉರಿಯತೊಡಗಿತು.

ಶೋಕಿಗೆ ತಂದ ಫೋನಲ್ಲ ಅದು. ನನ್ನ ಹೆಂಡತಿ ರಾಜಶ್ರೀಗೆ ಐದು ತಿಂಗಳು. ಹಿಂದೆ ಒಮ್ಮೆ ಬಸಿರು ಕೈಗೂಡದೆ ಹೋಗಿತ್ತು, ಹೀಗಾಗಿ ಈ ಸಲ ಬಸ್ಸು ಹತ್ತಲೇಬೇಡ ಎಂದು ಡಾಕ್ಟರು ಹೇಳಿದ್ದರು. ಹುನ್ನೂರಿನಲ್ಲಿದ್ದ ಅವಳ ತಾಯಿ ಶಿವವ್ವ, ಹಾಸಿಗೆ ಹಿಡಿದ ತನ್ನ ಅತ್ತೆಯನ್ನು ಬಿಟ್ಟು ಬರುವಂತಿರಲಿಲ್ಲ. ಶಿವವ್ವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ತಾಯಿ ಮಗಳ ಮಾತೆಲ್ಲ ಕೈಯಲ್ಲೇ. ಮಗಳು ಆರಾಮಿದ್ದಾಳೆಂದು ರಾಜಶ್ರೀಯ ಅಣ್ಣ ಎಷ್ಟು ಸನ್ನೆ ಮಾಡಿದರೂ ಆಕೆ ನಂಬುತ್ತಿರಲಿಲ್ಲ. ಹಿಂದಿನ ಸಲವೂ ಹೀಗೆಯೇ ಹೇಳಿ ಆಕೆಯಿಂದ ಮುಚ್ಚಿಟ್ಟಿದ್ದರಲ್ಲ. ಅವ್ವ ಊಟ ಬಿಟ್ಟು ಬಾಗಿಲು ನೋಡುತ್ತ ಕೂರುತ್ತಾಳೆ ಎಂದು ಅಣ್ಣ ತಿಳಿಸಿದ. ಅದನ್ನು ಕೇಳಿದ ಮೇಲೆ ರಾಜಶ್ರೀಗೂ ತುತ್ತು ಇಳಿಯದಾಯಿತು. ಮುಖ ಕಾಣುವ ಫೋನು ಅಣ್ಣನ ಹತ್ತಿರ ಇತ್ತು, ನಮ್ಮಲ್ಲಿ ಇರಲಿಲ್ಲ. ಅದಕ್ಕೇ ತಂದೆ.

ಬೇಡವೆನಿಸಿದರೆ ಸೋಮವಾರದೊಳಗೆ ತಿರುಗಿ ಕೊಡಬಹುದು ಎಂದು ಅಂಗಡಿಯವನು ಹೇಳಿದ್ದನ್ನು ನಾನು ಮನೆಯಲ್ಲಿ ಬಾಯಿಬಿಡಬಾರದಿತ್ತು. ನನ್ನಪ್ಪ ಶಿದ್ರಾಮಪ್ಪನ ಕಿವಿ ನೆಟ್ಟಗಾಯಿತು. ಎತ್ತನ್ನೂ ಹಾಗೆಯೇ ನಾಲ್ಕು ದಿನ ಕಟ್ಟಿ ನೋಡಿ, ಸೇರದಿದ್ದರೆ ತಿರುಗಿ ಅಟ್ಟುವವರು ಅವರು. ನಮ್ಮ ಮನೆಯಲ್ಲಿ ಒಂದು ಕೊಡಲಿಯ ಕಾವೂ ಅವರು ಹೂಂ ಎನ್ನದೆ ಉಳಿದದ್ದಿಲ್ಲ.

ಮೊದಲು ನೋಡಿದವನು ಪಕ್ಕದ ಮನೆಯ ಚನಮಲ್ಲಪ್ಪ. ದನದ ಐಬು ತೆಗೆಯುವುದರಲ್ಲಿ ಮುಧೋಳದ ತನಕ ಹೆಸರು ಮಾಡಿದವನು. ಅಂಗೈಯಲ್ಲಿ ತೂಗಿದ, ಬೆನ್ನು ಸವರಿದ, ಮೈ ಬಹಳ ನುಣುಪು, ಕೈಯಲ್ಲಿ ನಿಲ್ಲುವ ಜಾತಿಯಲ್ಲ ಎಂದ. ಕಬ್ಬು ಕಡಿದು ಒಡೆದಿದ್ದ ಅವನ ಹೆಬ್ಬೆರಳನ್ನು ಆ ಗಾಜು ಬೆರಳೆಂದು ಒಪ್ಪಲೇ ಇಲ್ಲ. ಎಷ್ಟು ಒತ್ತಿದರೂ ಮಿಸುಕಲಿಲ್ಲ. ಅವನಿಗೆ ಸಿಟ್ಟು ಬಂತು. ಇನ್ನೊಬ್ಬ ಅದು ಬಿಸಿಯಾಗುತ್ತದೆ ಎಂದ. ಮತ್ತೊಬ್ಬ ಜೇಬಿನಲ್ಲಿ ಹಿಡಿಯುವುದಿಲ್ಲ ಎಂದ. ಕೊನೆಗೆ ಎಲ್ಲರೂ ಸೇರಿ ಅದರ ದನಿ ಸಣ್ಣದು, ಪಂಪು ಚಾಲೂ ಇದ್ದರೆ ಏನೂ ಕೇಳಿಸದು ಎಂದು ಷರಾ ಬರೆದರು. ದನಿ ಯಾರಿಗೆ ಬೇಕಾಗಿತ್ತು ಮಾರಾಯರೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅವರೆಲ್ಲರ ಎದುರಿಗೇ ಹುನ್ನೂರಿಗೆ ಫೋನು ಹಚ್ಚಿದೆ. ನಮ್ಮ ಪಡಸಾಲೆ ಮಣ್ಣಿನ ಗೋಡೆಯದು, ಹಗಲಿನಲ್ಲೇ ಅರೆಗತ್ತಲು. ಅತ್ತ ಶಿವವ್ವನ ಮನೆಯೂ ಹಾಗೆಯೇ. ಆಕೆಯ ಮುಖ ಮಸುಕಾಗಿ ಮೂಡಿತು. ರಾಜಶ್ರೀ ಕೈ ಎತ್ತಿದಳು, ತಾಯಿಯೂ ಎತ್ತಿದಳು. ಆದರೆ ಕೈ ಅಲುಗಿದ್ದೇ ತಡ, ಬೆರಳುಗಳೆಲ್ಲ ಕಲಸಿದ ಹಿಟ್ಟಿನಂತಾದವು. ಬೆರಳು ಕಾಣದಿದ್ದರೆ ಅವರಿಗೆ ಮಾತೇ ಇಲ್ಲ. ತಾಯಿ ಮತ್ತೆ ಮತ್ತೆ ಏನನ್ನೋ ಕೇಳಿದಳು, ಮಗಳು ಕಣ್ಣು ಕಿರಿದು ಮಾಡಿ ನೋಡಿ ನೋಡಿ ಸೋತಳು. ಕೊನೆಗೆ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ರಾತ್ರಿಯೂ ಉಣ್ಣಲಿಲ್ಲ.

"ಸೋಮವಾರ ಇದನ್ನ ತಿರುಗಿ ಹೊಡಕೊಂಡ ಹೋಗಿ ಕೊಟ್ ಬಾ, ನಮಗ ಬ್ಯಾಡ," ಎಂದರು ಅಪ್ಪ.

ಐಬು ನಾನೇ ಕಣ್ಣಾರೆ ಕಂಡಿದ್ದೆ. ಈಗ ಶಿವವ್ವನ ಸಂಶಯ ಇನ್ನೂ ಹೆಚ್ಚಾಗಿರುತ್ತದೆ, ಮಗಳು ಎದ್ದು ಹೋದದ್ದನ್ನಷ್ಟೇ ಆಕೆ ಕಂಡಿರಬೇಕು.

ರವಿವಾರ ಮುಂಜಾನೆ ನಾನು ಫೋನನ್ನು ಡಬ್ಬಿಗೆ ಹಾಕುತ್ತಿದ್ದೆ. ನನ್ನವ್ವ ಭಾಗವ್ವ ಕಸ ಹೊಡೆಯುತ್ತಿದ್ದವಳು ಕಸಬರಿಗೆ ಊರಿ ನಿಂತಳು. "ಎತ್ತನ್ನ ಯಾರರ ಕತ್ತಲದಾಗ ನಿಂದರಿಸಿ ನೋಡ್ತಾರೇನ? ಬಿಸಲಿಗೆ ತಂದ ನೋಡ್ರಿ ಒಮ್ಮಿ," ಎಂದಳು.

ಇಷ್ಟು ಸರಳವಾದದ್ದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ರಾಜಶ್ರೀಯ ಮಂಚವನ್ನು ಅಂಗಳಕ್ಕೆ ಎಳೆದೆ. ಹುನ್ನೂರಿಗೆ ಫೋನು ಹಚ್ಚಿ, ಶಿವವ್ವನನ್ನು ಹೊರಗೆ ಕೂರಿಸು ಎಂದು ರಾಜಶ್ರೀಯ ಅಣ್ಣನಿಗೆ ಹೇಳಿದೆ. ಚನಮಲ್ಲಪ್ಪ ಗೋಡೆಯ ಆಚೆಯಿಂದ ಕತ್ತು ಚಾಚಿದ. ಅಪ್ಪ ದೂರದಲ್ಲಿ ಹಗ್ಗ ಹೊಸೆಯುತ್ತಿರುವವರಂತೆ ಕುಳಿತರು.

ಈ ಸಲ ಶಿವವ್ವ ನಿಚ್ಚಳವಾಗಿ ಬಂದಳು, ಹಣೆಯ ವಿಭೂತಿ ಸಹಿತ. ರಾಜಶ್ರೀ ಎದ್ದು ನಿಂತು ಸೆರಗು ಬಿಗಿದು, ತುಂಬಿದ ಹೊಟ್ಟೆಯನ್ನು ಪಕ್ಕದಿಂದ ತೋರಿಸಿದಳು. ತಾಯಿ ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ಕೈಗಳು ಹೊರಟವು ನೋಡಿ, ಒಂದೊಂದು ಬೆರಳೂ ಸ್ಪಷ್ಟ. ಇತ್ತ ಮಗಳ ಕೈಗಳೂ ಹೊರಟವು. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಇಬ್ಬರೂ ಅಳುತ್ತಿದ್ದರು, ನಗುತ್ತಿದ್ದರು. ನಾನು ಫೋನನ್ನು ಅಲುಗದಂತೆ ಹಿಡಿದುಕೊಂಡೆ.

ಅಪ್ಪನಿಗೆ ತಡೆಯಲಾಗಲಿಲ್ಲ. "ಏನಂತಾರ ಬೀಗತ್ಯಾರು? ಏನರ ಐಬ ತಗದ್ರೇನು?"

ರಾಜಶ್ರೀ ಕಣ್ಣು ಒರೆಸಿಕೊಂಡು ಸ್ವಲ್ಪ ಹಿಂದೆಮುಂದೆ ನೋಡಿದಳು. "ಫೋನಿಗೇನೂ ಅಂದಿಲ್ರಿ ಮಾವಾರ. ಮಾರಿ ಬಾಡೇತಿ, ಮುಂಗೈ ಸಣ್ಣ ಆಗ್ಯಾವ, ಅವರ ಮನ್ಯಾಗ ನಿನಗ ಉಣ್ಣಾಕ ಹಾಕಂಗಿಲ್ಲೇನ ಅಂತ ಕೇಳಾಕತ್ತಾಳ್ರಿ."

ಗೋಡೆಯ ಆಚೆ ಚನಮಲ್ಲಪ್ಪ ಕೆಮ್ಮಿದ. ಅಪ್ಪನ ಮುಖ ಕೆಂಪಾಯಿತು. ಹಗ್ಗ ಒಗೆದು ನೆಟ್ಟಗೆ ಅಡುಗೆಮನೆಗೆ ಹೋದವರು, ಹುಟ್ಟಿ ಇಷ್ಟು ವರ್ಷಕ್ಕೆ ಮೊದಲ ಸಲ ತಾವೇ ತಾಟು ಹಚ್ಚಿಕೊಂಡು ಬಂದರು. ರೊಟ್ಟಿ, ಬೆಣ್ಣೆ, ಹೆಸರುಕಾಳಿನ ಪಲ್ಯ, ಕೆನೆಗಟ್ಟಿದ ಮೊಸರು. ಒಂದೊಂದನ್ನೂ ಎತ್ತಿ ಫೋನಿನ ಎದುರು ಹಿಡಿದು, ಶಿವವ್ವನಿಗೆ ಕಿವಿ ಕೇಳದೆಂಬುದನ್ನೇ ಮರೆತು ಓಣಿಗೆಲ್ಲ ಕೇಳುವಂತೆ ಹೆಸರು ಹೇಳಿದರು. ಆಕೆ ಕೈ ಬಾಯಿಗೆ ಒಯ್ದು ಸನ್ನೆ ಮಾಡಿದಳು: ತೋರಿಸುವುದು ಬೇಡ, ಉಣ್ಣಲಿ, ನಾನು ನೋಡುತ್ತೇನೆ.

ರಾಜಶ್ರೀ ಉಣ್ಣತೊಡಗಿದಳು. ಅಪ್ಪ ಫೋನನ್ನು ನನ್ನಿಂದ ಇಸಿದುಕೊಂಡು ಎರಡೂ ಕೈಯಲ್ಲಿ ಹಿಡಿದು, ಬೆರಳು ಅಡ್ಡ ಬರದಂತೆ ಉಸಿರು ಬಿಗಿದು ನಿಂತರು. ಅತ್ತ ಅಣ್ಣ ಸದ್ದಿಲ್ಲದೆ ಶಿವವ್ವನ ಮುಂದೆಯೂ ಒಂದು ತಾಟು ಇಟ್ಟ. ಮಗಳ ಮೇಲಿನ ಕಣ್ಣು ಕೀಳದೆ ಆಕೆ ರೊಟ್ಟಿ ಮುರಿದಳು.