ಹನುಮಮ್ಮ ಹೇಳದ ಬಂಡೆಯ ಹೆಸರು

ನನಗೆ ತಾಳ್ಮೆ ಕಡಿಮೆ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳ ಹತ್ತಿರ ಇನ್ನೆಷ್ಟು ಉಳಿದಿರುತ್ತದೆ? 1997ರಲ್ಲಿ ತುಮಕೂರಿನ ನಮ್ಮ ಗೆಳೆಯರ ಬಳಗ ಸುತ್ತಲಿನ ಬೆಟ್ಟ, ಗುಡ್ಡ, ಬಂಡೆಗಳ ಹೆಸರು ಕಲೆಹಾಕಿ ಪುಸ್ತಕ ತರಲು ಹೊರಟಾಗ, ಊರ್ಡಿಗೆರೆ ಕಡೆಯದು ನನ್ನ ಪಾಲಿಗೆ ಬಂತು. ನಿಯಮ ಒಂದೇ. ಜನ ಒಂದು ಹೆಸರಿನಿಂದ ಕರೆಯುತ್ತಿದ್ದುದನ್ನು ಕಿವಿಯಾರೆ ಕೇಳಿದವರು ಆ ಹೆಸರನ್ನು ತಮ್ಮ ಬಾಯಲ್ಲೇ ಟೇಪ್‌ರೆಕಾರ್ಡರಿಗೆ ಹೇಳಬೇಕು. ಆ ನಿಯಮಕ್ಕೆ ಹಟ ಹಿಡಿದವಳೂ ನಾನೇ.

ಮೇಕೆ ಕಾಯುವ ಹನುಮಮ್ಮಜ್ಜಿ ಸಿಕ್ಕಿದ್ದು ನನ್ನ ಪುಣ್ಯ. ಎಪ್ಪತ್ತು ದಾಟಿದ್ದರೂ ನನಗಿಂತ ಚುರುಕಾಗಿ ಗುಡ್ಡ ಹತ್ತುತ್ತಿದ್ದರು. ಗೂಬೆಕಲ್ಲು, ತೊಟ್ಟಿಲುಗುಂಡು, ಸೊಸೆ ಜಾರಿದ ಬಂಡೆ ಅಂತ ಎರಡೇ ದಿನದಲ್ಲಿ ನಲವತ್ತೊಂದು ಹೆಸರು ಹೇಳಿದರು. ಕಾಲುದಾರಿ ಎರಡು ಗುಂಡುಕಲ್ಲುಗಳ ನಡುವೆ ನುಸುಳುವ ಕಡೆ, ಆಚೆಗೆ ಕಾಣುವ ಅಗಲವಾದ ಬಂಡೆಯ ಹೆಸರು ಕೇಳಿದಾಗ ಮಾತ್ರ ಅವರ ಸೆರಗು ಬಾಯಿಗೆ ಹೋಯಿತು.

"ಅದು ನಮ್ಮನೇರ್ದು ಕಣವ್ವ."

"ಅಂದ್ರೆ?"

"ಅವ್ರು ದಿನಾ ಅಲ್ಲೇ ಕುಂತು ಮೇಕೆ ಕಾಯ್ತಿದ್ರು. ಜನ ಅವ್ರ ಹೆಸರೇ ಇಟ್ಬುಟ್ರು."

ಗಂಡನ ಹೆಸರನ್ನು ಆ ಕಾಲದ ಹೆಂಗಸರು ಬಾಯಿಬಿಟ್ಟು ಹೇಳುವುದುಂಟೇ? ಅಜ್ಜಿಯ ಗಂಡ ತೀರಿಕೊಂಡು ಹದಿನೆಂಟು ವರ್ಷ. ಜೊತೆಗೆ ಮೇಕೆ ಕಾಯುತ್ತಿದ್ದವರೂ ಈಗಿಲ್ಲ. ಬಸ್ ಓಡಿಸುವ ಮಗ ತಿಮ್ಮೇಶನಿಗೆ ಅದು ಬರೀ ಅಪ್ಪನ ಬಂಡೆ. ಊರವರು ಕರೆದದ್ದನ್ನು ಕೇಳಿ ಉಳಿದವರು ಈ ಅಜ್ಜಿ ಒಬ್ಬರೇ. ಸೋಮವಾರ ಪಟ್ಟಿ ಅಚ್ಚಿಗೆ ಹೋಗಬೇಕಿತ್ತು.

"ನೀವು ಹೇಳ್ದೆ ಇದ್ರೆ ಇದನ್ನ ಬಿಟ್ಬಿಡ್ತೀನಿ ಅಜ್ಜಿ," ಎಂದು ರೇಗಿದೆ.

"ಯಾರದೋ ಸೊಸೆ ಜಾರಿದ್ದೆಲ್ಲ ಬುಕ್ಕಲ್ಲಿ ಬತ್ತದೆ. ಅವ್ರು ಕುಂತಿದ್ದು ಬರಾಕಿಲ್ವಾ?"

ಅಜ್ಜಿಯ ದನಿ ಸಣ್ಣಗಾಗಿತ್ತು. ನನಗೆ ನಾಚಿಕೆಯಾಯಿತು. ಆದರೂ ನನ್ನ ನಿಯಮವನ್ನು ನಾನೇ ಮುರಿದರೆ ಬಳಗದವರು ಆಡಿಕೊಳ್ಳದೆ ಬಿಡುತ್ತಾರೆಯೇ? ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಮೇಕೆಗಳು ಒಂದು ಸುತ್ತು ಮೇಯ್ದು ಬಂದವು. ಅಷ್ಟು ಹೊತ್ತೂ ಅಜ್ಜಿ ತಮ್ಮಷ್ಟಕ್ಕೆ ತಾವೇ ತುಟಿ ಅಲ್ಲಾಡಿಸುತ್ತಿದ್ದರು.

"ಮದ್ವೇಲಿ ಬಾಗ್ಲಿಗೆ ಅಡ್ಡ ನಿಂತು ಗಂಡನ ಹೆಸರು ಕೇಳ್ತಾರಲ್ಲ, ಆಗ ಒಗಟು ಕಟ್ಟಿ ಹೇಳ್ಬೌದು. ಅದ್ರಲ್ಲಿ ತಪ್ಪಿಲ್ಲ," ಎಂದರು. "ಗಂಡ ಸತ್ತೋಳ್ಗೆ ಯಾರು ಅಡ್ಡ ನಿಂತಾರು? ನೀನು ನಿಂತ್ಕೋತೀಯ?"

ನಿಂತೆ. ಟೇಪ್‌ರೆಕಾರ್ಡರನ್ನು ಕೊರಳಿಗೆ ನೇತುಹಾಕಿಕೊಂಡು, ಎರಡು ಗುಂಡುಗಳಿಗೂ ಕೈ ಚಾಚಿ, ನಾದಿನಿಯ ಗತ್ತಿನಲ್ಲಿ ಹೇಳಿದೆ.

"ಗಂಡನ ಹೆಸರು ಹೇಳಿದ್ರೇನೇ ಒಳಗೆ ಬಿಡೋದು."

ಅಜ್ಜಿ ತಲೆತುಂಬ ಸೆರಗು ಹೊದ್ದರು.

"ಹಾದಿಗೆ ಮೂರು ಕವಲು, ಮೇಕೆಗೆ ಒಂದೇ ಕಾವಲು. ಬಂಡೆ ಮ್ಯಾಲೆ ಕುಂತು ಎಲ್ಲಾನೂ ಕಾದೋರು, ನಮ್ಮ ಓಬಳಯ್ಯನೋರು."

ಅವರ ದನಿ ನಡುಗಲಿಲ್ಲ. ನನ್ನ ಕಣ್ಣೇ ತುಂಬಿ ಬಂತು, ದಾರಿ ಬಿಡುವುದನ್ನೂ ಮರೆತೆ.

"ಹೇಳಿದ್ನಲ್ಲ, ಬುಡವ್ವ," ಎಂದು ಹನುಮಮ್ಮ ನನ್ನ ಕೈ ಸರಿಸಿ, ಹೊಸ ಮದುವಣಗಿತ್ತಿಯ ಹಾಗೆ ಬಲಗಾಲು ಮುಂದಿಟ್ಟು ಒಳಗೆ ನಡೆದರು.